ಸತ್ಯಾಂಶ: ಸನ್‌ಸ್ಕ್ರೀನ್‌ನಿಂದ ಹೊಟ್ಟೆಯ ಮಗುವಿನ ಮಿದುಳಿಗೆ ಕುತ್ತೇ?

‘ಬಸುರಿಯರು ಸನ್‌ಸ್ಕ್ರೀನ್ ಹಚ್ಚಿದರೆ ಅದರ ನ್ಯಾನೊ (ಅತಿ ಸೂಕ್ಷ್ಮ) ಕಣಗಳು ಮಗುವಿನ ಮಿದುಳು ಸೇರುತ್ತವೆ’ ಎಂಬ ಸಂದೇಶ ಮುಂಬೈ, ಡೊಂಬಿವಲಿಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದಕ್ಕೆ ಆಧಾರವಿಲ್ಲ. ಸನ್‌ಸ್ಕ್ರೀನ್‌ಗೆ ಬೆರೆಸುವ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಕಣಗಳು ಗಾಯವಿಲ್ಲದ ಚರ್ಮದ ಮೇಲ್ಪದರದಲ್ಲೇ ಬಹುಪಾಲು ನಿಂತುಬಿಡುತ್ತವೆ.

ಭಯ ಹುಟ್ಟಿಸಿದ ಪ್ರಯೋಗಗಳು ನಿಜವೇ. 2009ರಲ್ಲಿ ಜಪಾನಿನ ಸಂಶೋಧಕರು ಗರ್ಭಿಣಿ ಇಲಿಗಳಿಗೆ ಟೈಟಾನಿಯಂ ಡೈಆಕ್ಸೈಡ್ ಕೊಟ್ಟಾಗ ಮರಿಗಳ ಮಿದುಳಿನಲ್ಲಿ ಕಣಗಳು ಸಿಕ್ಕವು. ಆದರೆ ಕೊಟ್ಟದ್ದು ಚರ್ಮದಡಿಗೆ, ಸೂಜಿಯಿಂದ! ಫಾರ್ವರ್ಡ್ ಮಾಡಿದವರು ಇದನ್ನೇ ಬಿಟ್ಟಿದ್ದಾರೆ.

ನನಗೆ ನಿಜವಾದ ಕಳವಳ ಉಸಿರಿನ ದಾರಿಯದು. ವಾಹನದ ಹೊಗೆಯಂಥ ಮಾಲಿನ್ಯದ ಕಪ್ಪು ಇಂಗಾಲದ ಕಣಗಳು ಗರ್ಭದ ಮಾಸಿನಲ್ಲಿ (ಪ್ಲಾಸೆಂಟಾ), ಅದೂ ಮಗುವಿನ ಕಡೆಯ ಭಾಗದಲ್ಲಿ, 2019ರ ಬೆಲ್ಜಿಯಂ ಅಧ್ಯಯನದಲ್ಲಿ ಕಂಡಿವೆ. ಹಾಗಾಗಿ ಸನ್‌ಸ್ಕ್ರೀನ್ ಕೂಡ ಉಸಿರಿನೊಳಗೆ ಹೋಗದಂತೆ ಸ್ಪ್ರೇ, ಪೌಡರ್ ಬದಲು ಕ್ರೀಮ್ ಬಳಸಿ. ಕಲ್ಯಾಣ್-ಶಿಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ರಿಕ್ಷಾ ಹತ್ತುವ ಗರ್ಭಿಣಿಯರು ಎನ್95 ಮಾಸ್ಕ್ ಹಾಕಿಕೊಳ್ಳಿ.