ಮುಂದಿನ ಸಲ ಹಾಸ್ಟೆಲ್‌ಗೆ ಮೊದಲು ಬೀಗ ಹಾಕಬೇಡಿ

ಕೋವಿಡ್ ಕಾಲದಲ್ಲಿ ಮಕ್ಕಳ ಓದು ಹಾಳಾಯಿತು ಅಂದಾಗಲೆಲ್ಲ ಮಾತು ಮೊಬೈಲ್, ನೆಟ್‌ವರ್ಕ್, ಆನ್‌ಲೈನ್ ಕ್ಲಾಸ್ ಕಡೆಗೇ ಹೋಗುತ್ತದೆ. ನನಗೆ ಕಂಡಂತೆ ನಮ್ಮ ಕಲಬುರಗಿ, ಯಾದಗಿರಿ ಕಡೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಹಾಸ್ಟೆಲ್ ಮುಚ್ಚಿದ್ದರಿಂದ.

ನಮ್ಮ ಭಾಗದಲ್ಲಿ ಬೇಸಿಗೆ ಬಂತೆಂದರೆ ಎಷ್ಟೋ ತಾಂಡಾ, ಊರುಗಳು ಅರ್ಧ ಖಾಲಿ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಆ ಮನೆಯ ಮಗ, ಮಗಳು ಓದಿನಲ್ಲಿ ಉಳಿದಿದ್ದಾರೆ ಅಂದರೆ ಬಹಳ ಸಲ ಅದಕ್ಕೆ ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಮೊರಾರ್ಜಿ ವಸತಿ ಶಾಲೆ, ಹುಡುಗಿಯರ ಕಸ್ತೂರಬಾ ವಸತಿ ವಿದ್ಯಾಲಯವೇ ಕಾರಣ. ಅಲ್ಲಿ ಹೊತ್ತು ಹೊತ್ತಿಗೆ ಊಟ ಇದೆ. ರಾತ್ರಿ ಓದಲು ಲೈಟ್ ಇದೆ. ಪಕ್ಕದಲ್ಲಿ ಓದುವ ಗೆಳೆಯರಿದ್ದಾರೆ. ಹುಡುಗಿ ಹಾಸ್ಟೆಲ್‌ನಲ್ಲಿ ಇರುವಷ್ಟು ದಿನ ಮನೆಯಲ್ಲಿ ಮದುವೆ ಮಾತನ್ನು ಮುಂದೂಡುತ್ತಾರೆ. ಇದು ಯಾವ ಸರ್ಕಾರಿ ವರದಿಯಲ್ಲೂ ಲೆಕ್ಕಕ್ಕೆ ಬರಲ್ಲ, ಆದರೆ ಇಲ್ಲಿನ ಪ್ರತಿ ಟೀಚರ್‌ಗೂ ಗೊತ್ತು.

ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಲ್ಲೇ. ಭಯ ಇತ್ತು, ಮುಚ್ಚಿದರು. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ, ಅದನ್ನು ನಾನು ತಪ್ಪು ಅನ್ನಲ್ಲ. ಮುಚ್ಚಿದ ಮೇಲೆ ಆ ಮಕ್ಕಳು ಏನಾದರು ಅಂತ ಕೇಳದೇ ಇದ್ದದ್ದು ತಪ್ಪು. ಹಾಸ್ಟೆಲ್‌ನಿಂದ ಮಕ್ಕಳು ಬಂದರು, ಮಹಾನಗರಗಳಿಂದ ತಂದೆ ತಾಯಿ ಬರಿಗೈಯಲ್ಲಿ ಬಂದರು. ಒಂದೇ ಕೋಣೆಯ ಮನೆ. ಚಂದನ ಟಿವಿಯಲ್ಲಿ ಪಾಠ ಬರುತ್ತಿತ್ತು, ನಿಜ. ಆದರೆ ಎಲ್ಲರೂ ಇರುವ ಆ ಕೋಣೆಯಲ್ಲಿ ಕೂತು ಪಾಠ ನೋಡುವುದು ಎಷ್ಟು ದಿನ ನಡೆದೀತು? ಶಿಕ್ಷಕರೇ ಮಕ್ಕಳಿದ್ದ ಕಡೆ ಹೋಗಿ ಕಲಿಸುವ ಸರ್ಕಾರದ ವಿದ್ಯಾಗಮ ಒಳ್ಳೆಯ ಯೋಚನೆ. ಗುಡಿ ಕಟ್ಟೆ, ಮರದ ನೆರಳು ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಶಿಕ್ಷಕರು ಪಾಠ ಮಾಡಿದರು. ಆಗಸ್ಟ್‌ನಲ್ಲಿ ಶುರುವಾಗಿದ್ದು ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಂತಿತು. 2021ರ ಜನವರಿಯಲ್ಲಿ ಹತ್ತನೇ ಕ್ಲಾಸ್, ದ್ವಿತೀಯ ಪಿಯು ಶುರುವಾದವು. ಬೇಸಿಗೆಗೆ ಎರಡನೇ ಅಲೆ ಬಂತು, ಮತ್ತೆ ಬೀಗ. ಒಂಬತ್ತರಿಂದ ಮೇಲಿನ ಕ್ಲಾಸ್‌ಗಳು ಮತ್ತೆ ತೆರೆದದ್ದು ಆಗಸ್ಟ್ 23ಕ್ಕೆ.

ಅಷ್ಟರಲ್ಲಿ ಒಂದು ತೊಗರಿ ರಾಶಿ, ಒಂದು ಹತ್ತಿ ಬಿಡಿಸುವ ಹಂಗಾಮು ಮುಗಿದಿತ್ತು. ಹುಡುಗರ ಕೈಗೆ ಕೂಲಿ ಬಂದಿತ್ತು. ಉದ್ಯೋಗ ಖಾತ್ರಿಯಲ್ಲಿ 2020-21ರಲ್ಲಿ ದಿನಗೂಲಿ 275 ರೂಪಾಯಿ. ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಅದರಿಂದಲೇ. ಆದರೆ ಅದು 18 ತುಂಬಿದವರಿಗೆ. ಹದಿನಾರರ ಹುಡುಗನ ಪಾಲಿಗೆ ಇದ್ದದ್ದು ಮೇಸ್ತ್ರಿ ಕೊಡುವ ಮುಂಗಡ ಮಾತ್ರ. ಸೆಂಟ್ರಿಂಗ್ ಕೆಲಸಕ್ಕೆ ಹೋದ ಹುಡುಗನೊಬ್ಬನನ್ನು ವಾಪಸ್ ಶಾಲೆಗೆ ಹೋಗಪ್ಪ ಅಂದೆ. "ಈಗ ಹೋಗಿ ಸಣ್ಣ ಹುಡುಗರ ಜೋಡಿ ಹ್ಯಾಂಗ್ ಕೂಡಬೇಕ್ರಿ ಸರ?" ಅಂದ. ಅವನಿಗೆ ಬುದ್ಧಿ ಹೇಳುವುದು ಸುಲಭ. ಅವನ ಮನೆಗೆ ಆ ತಿಂಗಳ ಕೂಲಿ ಯಾರು ಕೊಡಬೇಕು?

ಐಟಿಐ ಹುಡುಗರ ಕಥೆ ಇನ್ನೂ ಬೇಸರದ್ದು. ವೆಲ್ಡಿಂಗ್, ಫಿಟ್ಟಿಂಗ್ ಮೊಬೈಲ್‌ನಲ್ಲಿ ಕಲಿಯುವ ಕೆಲಸವೇ ಅಲ್ಲ. ಮಷಿನ್ ಮುಟ್ಟಬೇಕು. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ 150 ಸರ್ಕಾರಿ ಐಟಿಐಗಳು 2022ರಲ್ಲಿ ಉದ್ಘಾಟನೆ ಆದವು. ಸಂತೋಷ. ಆದರೆ ಕೈ ಪಳಗದೇ ಸರ್ಟಿಫಿಕೇಟ್ ಪಡೆದು ಹೊರಗೆ ಹೋದ ಆ ಬ್ಯಾಚಿನವರನ್ನು ಕರೆದು, ಎರಡು ತಿಂಗಳು ಬಂದು ಪ್ರಾಕ್ಟಿಕಲ್ ಮಾಡಿ, ಸ್ಟೈಪೆಂಡ್ ಕೊಡುತ್ತೇವೆ ಅಂತ ಹೇಳಬಹುದಿತ್ತು ಅಲ್ವಾ?

ನಮಗೆ 371ಜೆ ಇದೆ, ಅಂದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ. ನಮ್ಮ ಭಾಗದ ಕಾಲೇಜುಗಳಲ್ಲಿ 70 ಶೇಕಡಾ ಸೀಟು, ಸಿ ದರ್ಜೆ ಹುದ್ದೆಗಳಲ್ಲಿ 80 ಶೇಕಡಾ ಸ್ಥಳೀಯರಿಗೆ. ಹೋರಾಡಿ ಪಡೆದ ಹಕ್ಕು. ಆದರೆ ಒಂಬತ್ತನೇ ಕ್ಲಾಸಿಗೇ ಬಿಟ್ಟವನಿಗೆ ಆ ಸೀಟು ಎಲ್ಲಿಂದ ಸಿಗಬೇಕು? 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ 51.83 ಶೇಕಡಾ, ರಾಜ್ಯದಲ್ಲೇ ಕಡೆಯ ಸ್ಥಾನ. ಇಂಥ ಜಿಲ್ಲೆಗೂ ಬೆಂಗಳೂರಿಗೂ ಹಾಸ್ಟೆಲ್ ವಿಷಯದಲ್ಲಿ ಒಂದೇ ಆದೇಶ ಹೊರಡಿಸುವುದು ಸರಿಯಲ್ಲ.

ಮತ್ತೆ ಇಂಥ ರೋಗ ಬಂದರೆ ನನ್ನ ಬೇಡಿಕೆ ಇಷ್ಟು. ಹಾಸ್ಟೆಲ್ ಕೊನೆಗೆ ಮುಚ್ಚಲಿ, ಮೊದಲು ತೆರೆಯಲಿ. ಅರ್ಧ ಮಕ್ಕಳನ್ನಾದರೂ ಅಲ್ಲೇ ಉಳಿಸಿಕೊಳ್ಳಿ. ಮನೆಗೆ ಕಳಿಸಲೇಬೇಕಾದರೆ ಅವರ ಊಟದ ಹಣ ಅವರ ಹಿಂದೆಯೇ ಮನೆಗೆ ಹೋಗಲಿ. ಯಾವ ಮಗು ಯಾವ ಊರಿಗೆ ಹೋಯಿತು ಅಂತ ವಾರ್ಡನ್ ಹತ್ತಿರ ಪಟ್ಟಿ ಇರುತ್ತದೆ. ಅದನ್ನು ಪಂಚಾಯಿತಿಗೆ ಕೊಟ್ಟರೆ ತಿಂಗಳಿಗೊಮ್ಮೆ ಹೋಗಿ ವಿಚಾರಿಸಬಹುದು.

ಆಗ ಬಿಟ್ಟವರು ಈಗ ದೊಡ್ಡವರಾಗಿದ್ದಾರೆ, ಆದರೂ ಬಾಗಿಲು ಮುಚ್ಚಿಲ್ಲ. ಎಸ್ಎಸ್ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು, ಸಣ್ಣ ಹುಡುಗರ ಜೊತೆ ಕೂರುವ ಅಗತ್ಯ ಇಲ್ಲ. ವೆಲ್ಡರ್, ಪ್ಲಂಬರ್‌ನಂಥ ಐಟಿಐ ಕೋರ್ಸ್‌ಗಳಿಗೆ ಎಂಟನೇ ಕ್ಲಾಸ್ ಪಾಸಾಗಿದ್ದರೂ ಸಾಕು. ನಿಮ್ಮ ಊರಲ್ಲಿ ಅಂಥವರಿದ್ದರೆ ಈ ಎರಡು ವಿಷಯ ತಿಳಿಸಿ. ಅರ್ಜಿ ತುಂಬುವ ದಿನ ಜೊತೆಗೆ ಹೋಗಿ.