ಬಂಗಾರಿಗೆ ಹೀಟರ್

ನನ್ನ ಭಾವ ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಮಗನಿಗೆ ಹಾವು ತಂದುಕೊಟ್ಟರು. ಚಿಕ್ಕಮಗಳೂರಿನಲ್ಲಿ ಅವರಿರುವ ಬೀದಿಯಲ್ಲಿ ನಾಯಿ ಸಾಕುವವರನ್ನು ಈಗ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಬಂದದ್ದು ಬಾಲ್ ಪೈಥಾನ್. ಆಫ್ರಿಕಾ ಮೂಲದ್ದು. ವಿಷವಿಲ್ಲ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆ ಒಳಗಿಟ್ಟುಕೊಳ್ಳುವ ಪಾಪದ ಪ್ರಾಣಿ. ಹೆಸರು ಬಂಗಾರಿ.

'ತೋಟದಲ್ಲಿ ಪುಕ್ಕಟೆ ಸಿಗುತ್ತಲ್ಲೋ, ದುಡ್ಡು ಕೊಟ್ಟು ಯಾಕೆ?' ಅಂದೆ.

'ಅದನ್ನ ಸಾಕಿದ್ರೆ ಕೇಸ್ ಆಗುತ್ತೆ ಮಾವ' ಅಂದ ಅಳಿಯ.

ಅವನು ಹೇಳಿದ್ದು ನಿಜ. ನಮ್ಮ ನಾಗರ, ನಮ್ಮ ಹೆಬ್ಬಾವನ್ನು ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಬಂಗಾರಿಯಂಥ ಹೊರದೇಶದ ಹಾವಾದರೆ ನೋಂದಣಿ. ಅದಕ್ಕೆ 2022ರ ತಿದ್ದುಪಡಿ, 2024ರ ನಿಯಮ, ಪರಿವೇಶ್ ಅನ್ನುವ ಪೋರ್ಟಲ್ ಎಲ್ಲ ಇವೆ. ಬಂಗಾರಿಯ ಅರ್ಜಿ ತುಂಬಲು ಮನೆಮಂದಿಯೆಲ್ಲ ಒಂದು ಭಾನುವಾರ ಕೂತರು. ಭಾವನ ಪಹಣಿ ತಿದ್ದುಪಡಿ ಮೂರು ವರ್ಷದಿಂದ ಹಾಗೇ ಇದೆ, ಅದು ಬೇರೆ ಮಾತು.

ಬಂಗಾರಿಗೆ ಗಾಜಿನ ಮನೆ. ಕೆಳಗೆ ಹೀಟಿಂಗ್ ಮ್ಯಾಟ್, ಪಕ್ಕದಲ್ಲಿ ಥರ್ಮೋಸ್ಟಾಟ್. ಡಿಸೆಂಬರ್ ಚಳಿಯಲ್ಲಿ ಅಕ್ಕ ಎರಡು ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದರೆ ಬಂಗಾರಿಯ ಮೂಲೆಯಲ್ಲಿ 32 ಡಿಗ್ರಿ. ಕರೆಂಟ್ ಹೋದರೆ ಯುಪಿಎಸ್ ಮೊದಲು ಅವಳಿಗೆ.

ತೋಟದ ಮೇಸ್ತ್ರಿ ಅದೇ ತಿಂಗಳು ಹಣ್ಣು ಕೊಯ್ಯುವವರಿಗೆ ಗಂಬೂಟು ಕೇಳಿದ್ದ. ಭಾವ ನಕ್ಕರು. 'ತಂದುಕೊಟ್ರೂ ಹಾಕ್ಕೊಳಲ್ಲ ಕಣೋ ಅವ್ರು.'

ಇನ್ನು ಕಚ್ಚಿದ ಕಥೆ. ಬಂಗಾರಿಗೆ ಇಲಿಯನ್ನು ಉದ್ದನೆ ಇಕ್ಕಳದಲ್ಲಿ ಹಿಡಿದು ಕೊಡಬೇಕು. ಅಳಿಯನಿಗೆ ರೀಲ್ಸ್ ಮಾಡಬೇಕಿತ್ತು, ಇಕ್ಕಳ ಚೆನ್ನಾಗಿ ಕಾಣಲ್ಲವಂತೆ. ಬರಿಗೈಯಲ್ಲಿ ಕೊಟ್ಟ. ಕೈ ತುಂಬಾ ಇಲಿ ವಾಸನೆ. ಬಂಗಾರಿ ಇಲಿ ಬಿಟ್ಟು ಹೆಬ್ಬೆರಳು ಹಿಡಿದಳು.

ಇಂಥ ಹೊತ್ತಲ್ಲಿ ಎಳೆಯಬಾರದು. ಆ ಹಾವಿನ ಹಲ್ಲು ಹಿಂದಕ್ಕೆ ಬಾಗಿರುತ್ತವೆ. ಎಳೆದರೆ ಚರ್ಮ ಹರಿಯುತ್ತದೆ, ಹಲ್ಲು ಮುರಿದು ಒಳಗೇ ಉಳಿಯುತ್ತದೆ. ಸ್ವಲ್ಪ ತಣ್ಣೀರು ಬಿಟ್ಟರೆ ಸಾಮಾನ್ಯವಾಗಿ ಅದೇ ಬಾಯಿ ಬಿಡುತ್ತದೆ. ಆಮೇಲೆ ಸೋಪು ಹಾಕಿ ತೊಳೆದು, ಒಂದು ಟಿಟಿ ಇಂಜೆಕ್ಷನ್ ಹಾಕಿಸಿದರೆ ಮುಗೀತು. ಗುಲಾಬಿ ಗಿಡದ ಮೇಲೆ ಬಿದ್ದರೆ ಇದಕ್ಕಿಂತ ಜಾಸ್ತಿ ಗಾಯ ಆಗುತ್ತದೆ.

ಭಾವ ಬಾಲ ಹಿಡಿದು ಎಳೆದರು. ಮದುವೆ ದಿನದ ಟೈ ತಂದು ಮಗನ ಮುಂಗೈಗೆ ಬಿಗಿದರು. ಅಕ್ಕ ಕುಕ್ಕೆಗೆ ಹರಕೆ ಹೊತ್ತಳು. ಆಫ್ರಿಕಾದ ಹಾವಿನ ದೋಷ ಇಲ್ಲಿ ಪರಿಹಾರ ಆಗುತ್ತಾ ಅಂತ ಕೇಳಬೇಕು ಅನ್ನಿಸಿತು, ಬಾಯಿ ಮುಚ್ಚಿಕೊಂಡೆ. ತೋಟದಿಂದ ಜೀಪನ್ನೂ ಕರೆಸಿದರು, ಅತ್ತೆಯಂದಿರು ಕಾರಲ್ಲಿ ಹಿಡಿಸುತ್ತಿರಲಿಲ್ಲ. ಹೀಗೆ ಹೆಬ್ಬೆರಳೊಂದು ಎರಡು ಗಾಡಿಯಲ್ಲಿ ಆಸ್ಪತ್ರೆಗೆ ಹೊರಟಿತು.

'ಆ್ಯಂಟಿವೆನಮ್ ಹಾಕಿ ಡಾಕ್ಟ್ರೇ, ದುಡ್ಡಿನ ಚಿಂತೆ ಬೇಡ' ಅಂದರು ಭಾವ.

ಡಾಕ್ಟರ್ ಸಣ್ಣ ಪ್ರಾಯದವರು, ತಾಳ್ಮೆ ಇತ್ತು. ಆ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ. ಕುದುರೆಯ ರಕ್ತದಿಂದ ತೆಗೆಯುತ್ತಾರೆ, ಕೆಲವರಿಗೆ ಅಲರ್ಜಿಯಾಗಿ ಪ್ರಾಣಕ್ಕೇ ಬರುತ್ತದೆ. ವಿಷವಿಲ್ಲದ ಹಾವಿಗೆ ಯಾಕೆ ಹಾಕಲಿ ಅಂದರು. ಭಾವನಿಗೆ ಅವಮಾನವಾಯಿತು. ಅಷ್ಟು ಖರ್ಚು ಮಾಡಿ ತಂದ ಹಾವಿಗೆ ವಿಷ ಇಲ್ಲ ಅಂತ ಎಲ್ಲರೆದುರು ಹೇಳಬಹುದಾ?

ಆಗಲೇ ಮೇಸ್ತ್ರಿ ಬಂದ. ಬೈಕಿನಲ್ಲಿ. ನಡುವೆ ತೋಟದ ಹೆಂಗಸು, ಹಿಂದೆ ಆಕೆಯನ್ನು ಹಿಡಿದುಕೊಂಡ ಆಕೆಯ ಗಂಡ. ಕೊಯ್ಲಿನಲ್ಲಿ ತರಗೆಲೆ ಮೇಲೆ ಕಾಲಿಟ್ಟಿದ್ದಾಳೆ, ಕೊಳಕುಮಂಡಲ. ಜೀಪ್ ಎಲ್ಲಿ ಅಂತ ಯಾರೂ ಕೇಳಲಿಲ್ಲ, ಗೇಟಿನಲ್ಲೇ ನಿಂತಿತ್ತು. ದಾರಿಯಲ್ಲಿ ನಾಟಿ ಔಷಧಿಯವನ ಹತ್ತಿರ ಅರ್ಧ ಗಂಟೆ ಕಳೆದು, ಕಾಲಿಗೆ ಟವೆಲ್ ಬಿಗಿದುಕೊಂಡು ಬಂದಿದ್ದರು. ನರ್ಸ್ ಟವೆಲಿಗೂ ಬೈದರು, ಟೈಗೂ ಬೈದರು. ಬಿಗಿಯಬೇಡಿ, ಕೊಯ್ಯಬೇಡಿ, ಕಾಲು ಅಲ್ಲಾಡಿಸದೆ ಸೀದಾ ಇಲ್ಲಿಗೆ ತನ್ನಿ ಅಂತ ಎಷ್ಟು ಸಲ ಹೇಳೋದು? ಈ ಒಂದು ವಿಷಯದಲ್ಲಿ ಧಣಿಗೂ ಮೇಸ್ತ್ರಿಗೂ ವ್ಯತ್ಯಾಸ ಇರಲಿಲ್ಲ.

ಆಕೆಯ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ ತೆಗೆದಿಟ್ಟರು. 20 ನಿಮಿಷ ಅಲ್ಲಾಡಿಸದೆ ಇಟ್ಟು ನೋಡಬೇಕು. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಅಂತ ಅರ್ಥ. ಆ 20 ನಿಮಿಷದಲ್ಲಿ ಅಳಿಯನ ರೀಲ್ಸಿಗೆ ಏಳು ಸಾವಿರ ಲೈಕ್ ಬಂತು. 'ಬ್ರೇವ್ ಬ್ರೋ' ಅಂತ ಕಾಮೆಂಟುಗಳು.

ಟ್ಯೂಬ್ ಬಗ್ಗಿಸಿದರು. ರಕ್ತ ನೀರಿನ ಹಾಗೆ ಹರಿಯಿತು.

2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡಲೇಬೇಕು. ನರ್ಸ್ ಬರೆದುಕೊಳ್ಳುತ್ತಿದ್ದರೆ ಭಾವನಿಗೆ ಒಂದೇ ಚಿಂತೆ, ಬಂಗಾರಿಯ ನೋಂದಣಿಗೆ ತೊಂದರೆ ಆಗುತ್ತಾ ಅಂತ.

ಆಕೆ ಹತ್ತು ದಿನ ಮಲಗಿ ಉಳಿದುಕೊಂಡಳು. ಅಳಿಯನ ಹೆಬ್ಬೆರಳು ಎರಡೇ ದಿನಕ್ಕೆ ಸರಿಹೋಯಿತು. ಆದರೂ ಅಕ್ಕನ ಒತ್ತಾಯಕ್ಕೆ ಮೊಣಕೈವರೆಗೆ ಬರುವ ಚರ್ಮದ ಗ್ಲೌಸ್ ತರಿಸಿದ್ದಾರೆ, ಎರಡು ಜೊತೆ. ಮೊನ್ನೆ ಹೋದಾಗ ಅಳಿಯ ತೋರಿಸಿದ. ಒಳಗಡೆ ಮೆತ್ತಗಿದೆ. ಹಾಕಿಕೊಂಡೇ ಇಲ್ಲ.