ಡಬ್ಬಿ ಖಾಲಿ ಹೋಗಬಾರದು

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಅದು ನಮ್ಮದಲ್ಲ. ತಳದಲ್ಲಿ ಎದುರು ಮನೆ ಆಂಟಿಯ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ. ಪಾತ್ರೆ ಅಂಗಡಿಯವರು ಮದುವೆ ಉಡುಗೊರೆಗಳ ಮೇಲೆ ಟರ್ರ್ ಅಂತ ಮಷೀನು ಹಿಡಿದು ಬರೆಯುತ್ತಾರಲ್ಲ, ಹಾಗೆ. ಆದರೂ ಆ ಡಬ್ಬಿ ಅವರ ಮನೆಗಿಂತ ಜಾಸ್ತಿ ದಿನ ನಮ್ಮ ಮನೆಯಲ್ಲೇ ಇರುತ್ತದೆ. ತುಂಬಿ ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಇದು ನಮ್ಮತ್ತೆಯ ಕಾನೂನು. ಹಾಗಾಗಿ ಏನಾದರೂ ಮಾಡುವವರೆಗೆ ಡಬ್ಬಿ ಶೆಲ್ಫಿನ ಮೇಲೆ ಕೂತು ನನ್ನನ್ನೇ ನೋಡುತ್ತಿರುತ್ತದೆ.

ಆಂಟಿ ಮಂಗಳೂರಿನ ಕಡೆಯವರು, ಮನೆಮಾತು ಕೊಂಕಣಿ. ಪ್ರತಿ ಡಿಸೆಂಬರಿನಲ್ಲೂ ಆ ಡಬ್ಬಿ ತುಂಬ ಕುಸ್ವಾರ್ ಬರುತ್ತದೆ. ಕುಸ್ವಾರ್ ಅಂದರೆ ಒಂದು ತಿಂಡಿಯಲ್ಲ, ಕ್ರಿಸ್‌ಮಸ್ ತಿಂಡಿಗಳ ಇಡೀ ಸಂಸಾರ. ನಮ್ಮ ಕರ್ಜಿಕಾಯಿಯ ಅಕ್ಕನಂತಿರುವ ನೆವ್ರಿ, ಹೂವಿನ ಅಚ್ಚನ್ನು ಎಣ್ಣೆಗಿಳಿಸಿ ಕರಿಯುವ ಕೊಕ್ಕಿಸಾಂ, ತೆಂಗಿನಹಾಲು ಹಾಕಿದ ಅಕ್ಕಿಹಿಟ್ಟಿನ ಗುಳಿಯೊ, ಸುರುಳಿ ಸುತ್ತಿಕೊಂಡ ಕಿಡ್ಯೊ. ಮೊದಲ ವರ್ಷ ಅತ್ತೆ ನಾಲ್ಕು ಕಿಡ್ಯೊ ತಿಂದು, ಬಹಳ ಚೆನ್ನಾಗಿದೆ, ಹಾಗಂದರೇನು ಅಂತ ಕೇಳಿದರು. ಪುತ್ತೂರಿನ ಕಡೆಯ ಹುಡುಗಿಯಾದ ನಾನು ಜಾಣತನ ತೋರಿಸಲು ಹೋಗಿ, "ಕೊಂಕಣಿಯಲ್ಲಿ ಹುಳುಗಳು ಅಂತ ಅರ್ಥ ಅತ್ತೆ" ಅಂದುಬಿಟ್ಟೆ. ಆ ವರ್ಷದ ಕಿಡ್ಯೊ ಪೂರ್ತಿ ನನ್ನ ಪಾಲಿಗೆ ಬಂತು.

ಅತ್ತೆ ಮೊಟ್ಟೆ ಮುಟ್ಟುವುದಿಲ್ಲ ಅಂತ ಆಂಟಿ ನಮ್ಮ ಡಬ್ಬಿಗೆ ಮೊಟ್ಟೆ ಹಾಕದ ಹಿಟ್ಟನ್ನೇ ಬೇರೆ ಕಲಸುತ್ತಾರೆ. ಇಷ್ಟೆಲ್ಲ ಕಷ್ಟಪಡುವವರಿಗೆ ಹತ್ತು ವರ್ಷದಿಂದ ನಾವು ಏನು ಕೊಡುತ್ತಿದ್ದೆವು? ಕೋಡುಬಳೆ.

"ಅಮ್ಮ, ಅವರು ಐದು ಬಗೆ ಕೊಡ್ತಾರೆ. ನಮ್ಮದು ವರ್ಷಾ ವರ್ಷಾ ಅದೇ ಕೋಡುಬಳೆ. ನಾಚಿಕೆ ಆಗಲ್ವಾ?" ಅಂದಳು ಮಗಳು.

ನನ್ನ ಕೋಡುಬಳೆಯ ಬಗ್ಗೆ ನಾಚಿಕೆಪಡುವಂಥದ್ದು ನನಗೇನೂ ಕಂಡಿರಲಿಲ್ಲ. ಆದರೂ ರಜಕ್ಕೆ ಹಾಸ್ಟೆಲಿನಿಂದ ಬಂದ ಮಗಳು. ಮೊದಲ ಎರಡು ದಿನ ಅವಳ ಮಾತು ಕೇಳುವುದು ನಮ್ಮನೆಯ ಪದ್ಧತಿ. ಮೂರನೇ ದಿನದಿಂದ ಒದ್ದೆ ಟವೆಲ್ ಮಂಚದ ಮೇಲೆ ಹಾಕಿದ್ದಕ್ಕೆ ಬೈಗುಳ ಶುರುವಾಗುತ್ತದೆ. ಈ ಮಾತು ಬಂದಿದ್ದು ಎರಡನೇ ದಿನ.

ಅವಳು ಮಾಡಬೇಕೆಂದಿದ್ದು ಚಹಾ ಪರಿಮಳದ ಚಾಕೊಲೇಟ್ ಲಾಗ್ ಕೇಕ್. ಹಿಂದೆ ಯುರೋಪಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮನೆಯ ಅಗ್ಗಿಷ್ಟಿಕೆಯಲ್ಲಿ ದೊಡ್ಡ ಮರದ ದಿಮ್ಮಿ ಉರಿಸುತ್ತಿದ್ದರು. ಅಗ್ಗಿಷ್ಟಿಕೆ ಹೋಯಿತು, ದಿಮ್ಮಿ ಮಾತ್ರ ಕೇಕಾಗಿ ಉಳಿಯಿತು. ಫ್ರಾನ್ಸಿನಲ್ಲಿ ಅದಕ್ಕೆ ಬ್ಯೂಶ್ ದ ನೊಯೆಲ್ ಅನ್ನುತ್ತಾರೆ. ತೆಳ್ಳಗೆ ಕೇಕ್ ಬೇಯಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ಚಾಕೊಲೇಟ್ ಮೆತ್ತಿ, ಫೋರ್ಕಿನಲ್ಲಿ ಗೀರಿದರೆ ತೊಗಟೆ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಅಂದ್ರೆ ಸೌದೇನಾ? ಹಬ್ಬದ ದಿನ ಎದುರು ಮನೆಗೆ ಸೌದೆ ಕೊಡ್ತೀರಾ?" ಅಂದರು.

ಚಾಕೊಲೇಟಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ತವರಿನಲ್ಲಿ ಅಡಿಕೆ ತೋಟದ ನಡುನಡುವೆ ಕೊಕ್ಕೋ ಗಿಡಗಳಿದ್ದವು. ಹಣ್ಣು ಒಡೆದರೆ ಒಳಗೆ ಬೀಜಕ್ಕೆ ಅಂಟಿದ ಬಿಳಿ ಲೋಳೆ, ಹುಳಿಸಿಹಿ. ನಾವು ಅದನ್ನು ಚೀಪಿ ಬೀಜ ಬುಟ್ಟಿಗೆ ಉಗಿದರೆ ಅಪ್ಪ ಓಡಿಸಿಕೊಂಡು ಬರುತ್ತಿದ್ದರು. ಆ ಲೋಳೆ ಇದ್ದರೇ ಬೀಜ ಹುಳಿಯುವುದು, ಹುಳಿತರೇ ಚಾಕೊಲೇಟಿನ ಪರಿಮಳ. ಹಸಿ ಬೀಜ ಕ್ಯಾಂಪ್ಕೊಗೆ, ಅಂದರೆ ಅಡಿಕೆ, ಕೊಕ್ಕೋ ಬೆಳೆಗಾರರ ಸಹಕಾರಿ ಸಂಸ್ಥೆಗೆ ಹೋಗುತ್ತಿತ್ತು. ಅವರ ಚಾಕೊಲೇಟ್ ಕಾರ್ಖಾನೆ 1986ರಲ್ಲಿ ನಮ್ಮ ಪುತ್ತೂರಿನಲ್ಲೇ ಶುರುವಾಯಿತು. ಇಂಥ ಊರಿನವಳಿಗೆ ಚಾಕೊಲೇಟ್ ಕರಗಿಸುವುದು ಯಾವ ಮಹಾ ವಿದ್ಯೆ ಅಂದುಕೊಂಡೆ. ಭತ್ತ ಬೆಳೆದವರಿಗೆಲ್ಲ ದೋಸೆ ಹುಯ್ಯಲು ಬರುತ್ತದಾ ಅಂತ ಯಾರಾದರೂ ಆಗ ಕೇಳಬೇಕಿತ್ತು.

ಚಹಾ ಮಾತ್ರ ಮಗಳೇ ತಂದಿದ್ದಳು. ಅಂಗೈಯಗಲದ ಟಿನ್ನು, ಒಳಗೆ ಅರ್ಲ್ ಗ್ರೇ. 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದವರ ಹೆಸರಿನ ಚಹಾ ಅಂತೆ. ಕಪ್ಪು ಚಹಾಕ್ಕೆ ಬರ್ಗಮಾಟ್ ಅನ್ನುವ ಹಣ್ಣಿನ ಸಿಪ್ಪೆಯ ಎಣ್ಣೆ ಸೇರಿಸಿರುತ್ತಾರೆ. ಆ ಹಣ್ಣು ಬೆಳೆಯುವುದು ಹೆಚ್ಚಾಗಿ ಇಟಲಿಯ ತುದಿಯ ಕಲಾಬ್ರಿಯಾದಲ್ಲಿ. ಮಗಳು ಮುಚ್ಚಳ ತೆಗೆದು ಅಜ್ಜಿಯ ಮೂಗಿನ ಹತ್ತಿರ ಹಿಡಿದಳು. ಅತ್ತೆ ಕಣ್ಣು ಮುಚ್ಚಿ ಮೂಸಿದರು.

"ಹೇರಳೆಕಾಯಿ ಚಿತ್ರಾನ್ನ" ಅಂದರು.

ನಾನೂ ಮೂಸಿದೆ. ನಿಜ. ಪ್ರಧಾನಿಯ ಚಹಾ ಮೈಸೂರಿನ ನಮ್ಮ ಮಾವನ ಮನೆಯ ಊಟದೆಲೆಯ ಹಾಗೇ ಘಮಘಮಿಸುತ್ತಿತ್ತು.

ಮಾಡುವ ವಿಧಾನ ಸುಲಭ. 250 ಮಿಲಿ ಕ್ರೀಮು ಬಿಸಿ ಮಾಡಿ, ಎರಡು ದೊಡ್ಡ ಚಮಚ ಚಹಾ ಎಲೆ ಹಾಕಿ, ಹತ್ತು ನಿಮಿಷ ಮುಚ್ಚಿಟ್ಟು ಸೋಸಬೇಕು. ಎಲೆ ಹಾಕಿದ ಮೇಲೆ ಕುದಿಸಬಾರದು. ಇದನ್ನು ಒಲೆಯ ಮೇಲೆ ಸಣ್ಣ ಉರಿಯಲ್ಲಿಟ್ಟು, ಎಲೆ ಹಾಕಿ, ನಾವಿಬ್ಬರೂ ಮೈದಾ ತೂಗಲು ನಡುಮನೆಗೆ ಹೋದೆವು. ಅಲ್ಲೇ ತಪ್ಪಿದ್ದು. ಟೀ ಅಂತ ಏನೋ ಒಲೆಯ ಮೇಲಿದೆ, ಅದರಲ್ಲಿ ಶುಂಠಿ ಇಲ್ಲ ಅಂದರೆ ಅತ್ತೆಗೆ ಕೈ ಸುಮ್ನೆ ಇರುವುದಿಲ್ಲ. ಒಂದಿಂಚು ಶುಂಠಿ ಜಜ್ಜಿ, ಉಗುರುಬೆಚ್ಚಗಿದ್ದ ಕ್ರೀಮಿಗೆ ಹಾಕಿ, ಸೌಟಿನಲ್ಲಿ ಎರಡು ಸುತ್ತು ತಿರುಗಿಸಿ, ಏನೂ ಗೊತ್ತಿಲ್ಲದವರಂತೆ ಬಂದು ಟಿವಿ ಮುಂದೆ ಕೂತರು.

ನಾನು ವಾಪಸ್ ಹೋದಾಗ ಪಾತ್ರೆಯಲ್ಲಿ ಪನೀರ್ ಇತ್ತು. ಕಂದು ಬಣ್ಣದ, ಹೇರಳೆಕಾಯಿ ಘಮದ ಪನೀರ್.

"ಅತ್ತೆ, ಹಸಿ ಶುಂಠಿ ಹಾಲಿಗೆ ಹಾಕಿದರೆ ಒಡೆಯುತ್ತೆ ಅಂತ ನೀವೇ ಅಲ್ವಾ ನನಗೆ ಕಲಿಸಿದ್ದು?"

"ಹೌದು ಕಣೇ. ಅದಕ್ಕೇ ನಾನು ಯಾವಾಗಲೂ ನೀರಿಗೆ ಹಾಕಿ ಮೊದಲು ಕುದಿಸೋದು. ನೀವು ನೀರೇ ಇಟ್ಟಿರಲಿಲ್ಲವಲ್ಲ, ನಾನೇನು ಮಾಡಲಿ?"

ಇದಕ್ಕೆ ಉತ್ತರ ನನ್ನ ಹತ್ತಿರ ಇವತ್ತಿಗೂ ಇಲ್ಲ. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಒಂದು ಕಿಣ್ವ ಇದೆಯಂತೆ. ಚೆನ್ನಾಗಿ ಕುದಿಸಿದರೆ ಅದರ ಆಟ ನಿಲ್ಲುತ್ತದೆ. ಚೀನಾದ ಗ್ವಾಂಗ್‌ಡಾಂಗ್ ಕಡೆ ಬಿಸಿ ಹಾಲನ್ನು ಶುಂಠಿ ರಸಕ್ಕೆ ಸುರಿದು, ಗಟ್ಟಿಯಾದ ಮೇಲೆ ಸಿಹಿ ಅಂತ ಚಮಚದಲ್ಲಿ ತಿನ್ನುತ್ತಾರೆ ಅಂತ ಮಗಳು ಫೋನಿನಲ್ಲಿ ಹುಡುಕಿ ಓದಿದಳು. ಅತ್ತೆಗೆ ಅಷ್ಟೇ ಸಾಕಾಯಿತು. ತಪ್ಪು ಮಾಡಿದವರ ಮುಖ ಹೋಗಿ, ಚೀನಾ ತಮ್ಮ ಕಡೆಗಿದೆ ಅನ್ನುವ ಮುಖ ಬಂತು. ಒಡೆದದ್ದನ್ನು ಎಸೆಯಲು ಬಿಡದೆ, ಟೀ ಸೋಸುವ ಹಳೇ ಬಟ್ಟೆಯಲ್ಲಿ ಸೋಸಿಟ್ಟರು. ಈ ಬಟ್ಟೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಎರಡನೇ ಸಲಕ್ಕೆ ಟಿನ್ನಿನಲ್ಲಿ ಉಳಿದಿದ್ದು ಅರ್ಧ ಚಮಚ ಎಲೆ. ಸಾಲದ್ದಕ್ಕೆ ಮನೆಯ ಡಸ್ಟ್ ಟೀ ಹಾಕಿದೆ. ಅಳತೆ ಅದೇ, ಎರಡು ದೊಡ್ಡ ಚಮಚ. ಆ ಅಳತೆ ಉದ್ದುದ್ದ ಎಲೆಗೆ ಹೇಳಿದ್ದು, ನಮ್ಮ ಡಸ್ಟ್ ಟೀ ಎರಡೇ ನಿಮಿಷಕ್ಕೆ ತನ್ನಲ್ಲಿರುವುದನ್ನೆಲ್ಲ ಕಕ್ಕುತ್ತದೆ. ಕ್ರೀಮು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ನೆಕ್ಕಿ ನೋಡಿದರೆ ಕಷಾಯ. ಇನ್ನೊಂದು ಪ್ಯಾಕೆಟ್ ಕ್ರೀಮು ಇರಲಿಲ್ಲ, ಸಕ್ಕರೆ ಇತ್ತು. ಹಾಕಿದೆ.

ಇತ್ತ ನಡುಮನೆಯಲ್ಲಿ ತೂಕದ ಗಲಾಟೆ. ಇಪ್ಪತ್ತೈದು ವರ್ಷದಿಂದ ನನ್ನ ಅಡುಗೆಯೆಲ್ಲ ಕಣ್ಣಳತೆಯಲ್ಲೇ ನಡೆದಿದೆ. ಹುಳಿಗೆ ಉಪ್ಪು ಎಷ್ಟು ಅಂದರೆ "ಇಷ್ಟು" ಅಂತ ಅಂಗೈ ತೋರಿಸುವವಳು ನಾನು. ಮಗಳು ಒಪ್ಪಲಿಲ್ಲ. ಕೇಕಿಗೆ 120 ಗ್ರಾಂ ಅಂದರೆ 120 ಗ್ರಾಮೇ. ಮನೆಯಲ್ಲಿ ತಕ್ಕಡಿ ಇಲ್ಲ. ಆಗ ನಮ್ಮನೆಯವರು ಬಹಳ ಹುಮ್ಮಸ್ಸಿನಿಂದ ಸೂಟ್‌ಕೇಸ್ ತೂಗುವ ಕೊಕ್ಕೆ ತಂದರು. ವಿಮಾನಕ್ಕೆ ಹೋಗುವ ಮುಂಚೆ ಲಗೇಜು ನೇತುಹಾಕಿ ನೋಡುತ್ತೇವಲ್ಲ, ಅದೇ. ಮೈದಾವನ್ನು ತರಕಾರಿ ಚೀಲಕ್ಕೆ ಹಾಕಿ ನೇತುಹಾಕಿದರು. 0.10 ತೋರಿಸಿತು. ಒಂದು ಚಮಚ ಸೇರಿಸಿದರು, 0.10. ಇನ್ನೆರಡು ಸೇರಿಸಿದರು, 0.15. ನಡುವೆ ಏನೂ ಇಲ್ಲ. "ಹ್ಯಾಂಡ್ ಲಗೇಜಿಗೆ ನಡೆಯುತ್ತೆ, ಹಾಕು" ಅಂದರು ಇವರು.

ಕೇಕ್ ಬೆಂದಿತು. ನೋಡಲು ಚೆನ್ನಾಗೇ ಇತ್ತು. ಮೊಟ್ಟೆಯ ಬದಲು ಮೊಸರು, ಅಡುಗೆ ಸೋಡಾ. ಉಬ್ಬುವುದಕ್ಕೇನೋ ಅದು ಸಾಕು, ಬಾಗುವುದಕ್ಕೆ ಸಾಲದು. ಸುತ್ತುವ ಕೇಕಿಗೆ ಚಾಪೆಯ ಹಾಗೆ ಬಾಗುವ ಗುಣ ಬರುವುದೇ ಮೊಟ್ಟೆಯ ನೊರೆಯಿಂದ. ಇದು ಆಮೇಲೆ ಗೊತ್ತಾಗಿದ್ದು. ಆಗ ಗೊತ್ತಿದ್ದದ್ದು ಒಂದೇ, ಬಿಸಿ ಇರುವಾಗಲೇ ಸುತ್ತಬೇಕು, ಅದೂ ಟೀ ಟವೆಲ್ಲಿನಲ್ಲಿ.

"ಬೇಗ, ಟೀ ಟವೆಲ್!" ಅಂತ ಮಗಳು ಕೂಗಿದಳು.

ಟೀ ಟವೆಲ್ ಅಂದರೆ ಪಾತ್ರೆ ಒರೆಸುವ ಒಣ ಬಟ್ಟೆ. ಹೆಸರಿನಲ್ಲಿ ಟೀ ಇದೆ ಅಷ್ಟೇ. ನಮ್ಮನೆಯವರಿಗೆ ಅದು ಹೇಗೆ ಗೊತ್ತಾಗಬೇಕು? ಟೀ ಅಂದರು, ಬಟ್ಟೆ ಅಂದರು. ಅವರು ಓಡಿಹೋಗಿ ಟೀ ಸೋಸುವ ಬಟ್ಟೆಯನ್ನೇ ಹಿಂಡಿಕೊಂಡು ತಂದು, ಟೇಬಲ್ ಮೇಲೆ ಹಾಸಿಬಿಟ್ಟರು. ನಾವು ನೋಡುವುದರೊಳಗೆ ಮಗಳು ಟ್ರೇ ಮಗುಚಿದ್ದಳು. ಕೇಕ್ ಒದ್ದೆ ಬಟ್ಟೆಯ ಮೇಲೆ ಸಮಾಧಾನವಾಗಿ ಮಲಗಿ, ಅಲ್ಲೇ ಅಂಟಿಕೊಂಡಿತು. ಸುತ್ತಲು ಹೋದರೆ ಮೊದಲ ಸುತ್ತಿಗೆ ಎರಡು ತುಂಡು, ಎರಡನೇ ಸುತ್ತಿಗೆ ಏಳು. ಬಟ್ಟೆ ಬಿಡಿಸಿದಾಗ ತುಂಡು ಎಣಿಸುವ ಸ್ಥಿತಿ ದಾಟಿತ್ತು. ಅಷ್ಟು ದೊಡ್ಡ ಉಪ್ಪಿಟ್ಟನ್ನು ನಾನು ಯಾವ ಮದುವೆ ಮನೆಯಲ್ಲೂ ನೋಡಿಲ್ಲ.

ಮಗಳು ಮಾತಾಡಲಿಲ್ಲ. ಅವಳ ಮೂಗು ಕೆಂಪಾಗುವುದು ಕಂಡು ನಾನು ಚಾಕೊಲೇಟಿನ ಕಡೆ ತಿರುಗಿದೆ. ಅದಾದರೂ ನಮ್ಮೂರಿನದು, ಕೈಬಿಡಲಾರದು. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು, ಚಾಕೊಲೇಟ್ ಚೂರು ಹಾಕಿ, ಅಭ್ಯಾಸಬಲದಿಂದ ಮೇಲೆ ತಟ್ಟೆ ಮುಚ್ಚಿದೆ. ಒಲೆಯ ಮೇಲೆ ಏನಿಟ್ಟರೂ ಮುಚ್ಚುವುದು ನನ್ನ ಕೈಗೆ ಅಂಟಿದ ಚಾಳಿ. ಹಬೆ ತಟ್ಟೆಗೆ ಬಡಿದು, ಹನಿಯಾಗಿ ಒಳಗೆ ಬಿತ್ತು. ನಾಲ್ಕೇ ಹನಿ. ಹೊಳೆಯುತ್ತಿದ್ದ ಚಾಕೊಲೇಟ್ ಕಣ್ಣೆದುರೇ ರಾಗಿಮುದ್ದೆಯಾಯಿತು. ಬಣ್ಣವೂ ಅದೇ, ಹದವೂ ಅದೇ. ಚಾಕೊಲೇಟಿನಲ್ಲಿ ಕೊಕ್ಕೋ ಪುಡಿ, ಸಕ್ಕರೆ ಎಲ್ಲ ಒಣಗೇ ಇರುತ್ತವೆ. ಸ್ವಲ್ಪ ನೀರು ತಾಗಿದರೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಗಟ್ಟುತ್ತವೆ. ತಮಾಷೆ ಏನೆಂದರೆ, ಇನ್ನೂ ಜಾಸ್ತಿ ಬಿಸಿ ದ್ರವ ಹಾಕಿದರೆ ಮತ್ತೆ ನುಣ್ಣಗಾಗುತ್ತದೆ. ಮುಚ್ಚಿಟ್ಟಿದ್ದ ಕಷಾಯದ ಕ್ರೀಮನ್ನು ಕಾಯಿಸಿ ಅಷ್ಟನ್ನೂ ಸುರಿದು ತಿರುವಿದೆ. ಮುದ್ದೆ ಸಡಿಲವಾಯಿತು, ಹೊಳಪು ಬಂತು. ಬೆರಳದ್ದಿ ನೆಕ್ಕಿದೆ. ಡಸ್ಟ್ ಟೀಯ ಕಹಿ ಚಾಕೊಲೇಟಿನ ಕಹಿಯ ಜೊತೆ ಸೇರಿ ಏನೋ ಆಗಿತ್ತು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಸವರಲು ಕೇಕ್ ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಉಪ್ಪಿಟ್ಟನ್ನು ನೋಡಿದರು, ಬಟ್ಟಲನ್ನು ನೋಡಿದರು, ಮೊಮ್ಮಗಳ ಮೂಗು ನೋಡಿದರು. ಏನೂ ಹೇಳದೆ ಬಳೆ ಮೇಲಕ್ಕೇರಿಸಿ, ಅಗಲವಾದ ತಟ್ಟೆಗೆ ಪುಡಿಯನ್ನೆಲ್ಲ ಸುರಿದುಕೊಂಡರು. ಅಂಟಿಗೆ ಬೇಕಾದಷ್ಟು ಚಾಕೊಲೇಟ್ ಹುಯ್ದುಕೊಂಡು ಕಲಸಿದರು. ಎಷ್ಟು ಅಂತ ಮಗಳು ಕೇಳಿದ್ದಕ್ಕೆ "ಉಂಡೆ ಆಗೋವಷ್ಟು" ಅಂದರು. ತಂಬಿಟ್ಟಿನ ಉಂಡೆ, ರವೆ ಉಂಡೆ, ಎಳ್ಳುಂಡೆ ಕಟ್ಟಿದ ಕೈ. ಅರ್ಧ ಗಂಟೆಯಲ್ಲಿ ನಲವತ್ತೆರಡು ಉಂಡೆ, ಎಲ್ಲವೂ ಒಂದೇ ಅಳತೆ. ಅನುಮಾನ ಪಟ್ಟು ನಮ್ಮನೆಯವರು ಹತ್ತು ಉಂಡೆ ಚೀಲಕ್ಕೆ ಹಾಕಿ ಕೊಕ್ಕೆಗೆ ನೇತುಹಾಕಿದರು, ಮತ್ತೆ ಇನ್ನು ಹತ್ತನ್ನು. ಎರಡು ಸಲವೂ ಅದು ಒಂದೇ ಅಂಕಿ ತೋರಿಸಿತು. ಅದರ ಮಾತು ನಂಬುವವರು ಈಗ ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಅತ್ತೆ ನಂಬಿದರು. ಕೊಬ್ಬರಿ ತುರಿಯಲ್ಲಿ ಹೊರಳಿಸಿ ಡಬ್ಬಿ ತುಂಬಿದೆವು. ಮೇಲೊಂದು ಪದರ ಕೋಡುಬಳೆಯನ್ನೂ ಇಟ್ಟೆ. ಮುಂಜಾಗ್ರತೆ.

ಕ್ರಿಸ್‌ಮಸ್ ಬೆಳಿಗ್ಗೆ ಮಗಳು ಡಬ್ಬಿ ಕೊಟ್ಟು ಬಂದಳು. ಸಂಜೆ ಬೆಲ್ಲಾಯಿತು. ಬಾಗಿಲಲ್ಲಿ ಆಂಟಿ, ಕೈಯಲ್ಲಿ ಅದೇ ಡಬ್ಬಿ.

"ಮಾರಾಯ್ತಿ, ನಿಮ್ಮ ರಮ್ ಬಾಲ್ ಭಾರೀ ಲಾಯ್ಕ ಆಗಿತ್ತು. ರಮ್ ಸ್ವಲ್ಪ ಕಡಿಮೆ ಆಯ್ತು ಅಂತ ಇವರು ಹೇಳಿದ್ರು, ಅಡ್ಡಿಯಿಲ್ಲ. ಆ ಶುಂಠಿ ಪರಿಮಳ ಎಲ್ಲಿಂದ ಬಂತು?"

ಶುಂಠಿ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಬಟ್ಟೆಯಿಂದ. ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. "ರಮ್ಮಾ? ಯಾರು ಹಾಕಿದ್ದು?"

"ಯಾರೂ ಹಾಕಿಲ್ಲ ಅತ್ತೆ, ಅದು ಬರೀ ಹೆಸರು" ಅಂದೆ. ಕೇಕಿನ ಪುಡಿಯಲ್ಲಿ ಕಟ್ಟಿದ ಉಂಡೆಗೆ ಆಂಟಿಯ ಮನೆಯಲ್ಲಿ ಅದೇ ಹೆಸರು ಅಂತ ವಿವರಿಸಿದೆ. ಅತ್ತೆ ಸಮಾಧಾನದಿಂದ ಹೊರಗೆ ಬಂದರು. ಆಂಟಿ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಪ್ಲಮ್ ಕೇಕಿನ ಕಪ್ಪು ತುಂಡುಗಳು.

"ನಿಮಗೆ ಅಂತಲೇ ಮೊಟ್ಟೆ ಹಾಕದೆ ಮಾಡಿದ್ದು ಅಮ್ಮ. ದ್ರಾಕ್ಷಿ ಎಲ್ಲ ಅಕ್ಟೋಬರದಿಂದಲೇ ನೆನೆಸಿಟ್ಟದ್ದು."

ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡರು. ತಲೆಯಾಡಿಸಿದರು. ಇನ್ನೊಂದು ತೆಗೆದುಕೊಂಡರು. ಪ್ರತಿ ವರ್ಷವೂ ಅವರಿಗೆ ಈ ಕೇಕ್ ಎರಡೆರಡು ತುಂಡು ಬೇಕು.

"ಎರಡು ತಿಂಗಳಾ? ಯಾವುದರಲ್ಲಿ ನೆನೆಸ್ತೀರಿ?" ಅಂದರು.

ಆಂಟಿ ನನ್ನ ಮುಖ ನೋಡಿದರು. ನಾನು ಡಬ್ಬಿಯ ಮುಚ್ಚಳ ನೋಡಿದೆ. ಮಗಳು ಕೆಮ್ಮುತ್ತಾ ಒಳಗೆ ಓಡಿದಳು.

"ಡಬ್ಬಿ ಇಲ್ಲಿ ಕೊಡಿ ಆಂಟಿ, ತೊಳೆದಿಡ್ತೀನಿ" ಅಂದೆ. ಸಂಕ್ರಾಂತಿಗೆ ಇನ್ನು ಇಪ್ಪತ್ತೇ ದಿನ ಇತ್ತು.